ಹಾರ ಹಾಕಿದ್ದು ಸಾಕು, ಶಂಕರ್‌ನಾಗ್ ಕೆಲಸ ಹೆಂಗೆ ಮಾಡ್ತಿದ್ರು ನೋಡ್ರಪ್ಪ

ಸೆಪ್ಟೆಂಬರ್ 30 ಬಂತಂದ್ರೆ ನಮ್ಮ ದಾವಣಗೆರೆ ಕಡೆಯವರ ಫೇಸ್‌ಬುಕ್ ಗೋಡೆ ಮೇಲೆಲ್ಲ ಆನಗೋಡು. 1990ರಲ್ಲಿ ಅಲ್ಲಿ ಶಂಕರ್‌ನಾಗ್ ತೀರಿಕೊಂಡ ಆ ಅಪಘಾತ ಎಲ್ಲರಿಗೂ ಗೊತ್ತು. ಆದರೆ ನಟನೆ, ನಿರ್ದೇಶನ ಎರಡನ್ನೂ ಒಂದೇ ಮೈಯಲ್ಲಿ ಹೆಂಗೆ ನಿಭಾಯಿಸಿದ್ರು ಅಂತ ಕೇಳೋರು ಕಮ್ಮಿ. ನಾಟಕದ ಹುಡುಗರು ಮೊಬೈಲ್ ಹಿಡಿದು ತಾವೇ ಹೀರೋ, ತಾವೇ ಡೈರೆಕ್ಟರ್ ಆಗಿ ಕಿರುಚಿತ್ರ ಮಾಡ್ತಿರೋ ಈ ಹೊತ್ತಲ್ಲಿ ಕೇಳಬೇಕಾದ್ದು ಅದನ್ನೇ.

ಮುಂಬೈನ ಮರಾಠಿ ರಂಗಭೂಮಿಯಲ್ಲಿ ಪಳಗಿದವರು ಅವರು. 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ನಟರಾಗಿ ಬಂದರು, 1980ಕ್ಕೆ ‘ಮಿಂಚಿನ ಓಟ’ ನಿರ್ದೇಶಿಸಿ ಅದರಲ್ಲಿ ನಟಿಸಿಯೂ ಇದ್ದರು. ಬೇರೆಯವರ ನಿರ್ದೇಶನದಲ್ಲಿ ‘ಆಟೋ ರಾಜ’, ‘ಸಾಂಗ್ಲಿಯಾನ’. ತಮ್ಮ ನಿರ್ದೇಶನದಲ್ಲಿ ‘ಗೀತಾ’, ‘ಆ್ಯಕ್ಸಿಡೆಂಟ್’. ಇದರ ನಡುವೆ ‘ಸಂಕೇತ್’ ತಂಡದ ನಾಟಕಗಳು. ಆಟೋ ಹಿಂದಿನ ಸ್ಟಿಕರ್‌ನಲ್ಲಿ ಇರೋದು ‘ಆಟೋ ರಾಜ’ನಂಥ ನಟ ಮಾತ್ರ, ನಿರ್ದೇಶಕ ಅಲ್ಲ.

ಈಗ ‘ಗೀತಾ’ ಕಾಲದ ಸೆಟ್ ಕಣ್ಣಮುಂದೆ ತಂದುಕೊಳ್ಳಿ. ವಿಡಿಯೋ ಮಾನಿಟರ್ ಇಲ್ಲ. 35 ಎಂ.ಎಂ. ಫಿಲ್ಮಿನ 400 ಅಡಿ ರೋಲ್ ಓಡೋದು ಹತ್ತಿರತ್ತಿರ 4 ನಿಮಿಷ 26 ಸೆಕೆಂಡು. ತಾನು ಹೆಂಗೆ ಮಾಡಿದೆ ಅನ್ನೋದು ಲ್ಯಾಬಿನಿಂದ ರಷಸ್ (ತೊಳೆದು ಬಂದ ಶೂಟಿಂಗ್ ಫಿಲ್ಮು) ಬರೋವರೆಗೆ ಕಾಣಲ್ಲ. ಅಲ್ಲಿವರೆಗೆ ನಂಬಬೇಕಾದ್ದು ಕ್ಯಾಮೆರಾದವರ ಕಣ್ಣನ್ನ, ಪಕ್ಕದಲ್ಲಿ ನಿಂತ ಸಹಾಯಕರ ಕಣ್ಣನ್ನ. ನನ್ನ ಲೆಕ್ಕದಲ್ಲಿ ನಟ-ನಿರ್ದೇಶಕನ ಬಂಡವಾಳ ಪ್ರತಿಭೆಗಿಂತ ಹೆಚ್ಚಾಗಿ ಈ ಎರಡನೇ ಕಣ್ಣು.

ಇದು ನಮ್ಮ ಹಳ್ಳಿ ನಾಟಕಕ್ಕೆ ಹೊಸದಲ್ಲ. ನಾಟಕ ಕಲಿಸೋರು ಪೇಟಿ (ಹಾರ್ಮೋನಿಯಂ) ಮಾಸ್ತರು. ಅವರು ಬಣ್ಣ ಹಚ್ಚಲ್ಲ, ಸ್ಟೇಜಿನ ಮುಂದೆ ಪೇಟಿ ಇಟ್ಕೊಂಡು ಕೂತಿರ್ತಾರೆ. ಮಾತು ಜಾರಿದ್ರೆ ಸ್ವರ ಕೊಟ್ಟು ಎತ್ತುತಾರೆ, ಎಳೆದ್ರೆ ಕಟ್ ಮಾಡ್ತಾರೆ. ಇನ್ನು ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ ಅವರಂಥವರು (1988ರ ಪದ್ಮಶ್ರೀ, ನಮ್ಮೂರ ಹೆಮ್ಮೆ) ಕಂಪನಿಯನ್ನೂ ನಡೆಸಿ ಪಾತ್ರವನ್ನೂ ಮಾಡಿದರು. ಕಂಪನಿಯಲ್ಲಿ ದಿನಾ ಅದೇ ನಾಟಕ, ಇವತ್ತಿನ ತಪ್ಪು ನಾಳೆ ತಿದ್ದಬಹುದು. ಸಿನಿಮಾದಲ್ಲಿ ಆ ನಾಳೆ ಇಲ್ಲ.

ಹಂಗಾಗಿ ಶೂಟಿಂಗ್‌ಗೆ ಹೋಗೋ ಮೊದಲೇ ಪೇಟಿ ಮಾಸ್ತರ ಜಾಗಕ್ಕೆ ಒಬ್ಬರನ್ನ ಕೂರಿಸಿ. ‘ಸೂಪರ್ ಅಣ್ಣ’ ಅನ್ನೋ ಗೆಳೆಯ ಬೇಡ. ನಿಮ್ಮಷ್ಟೇ ಎತ್ತರದ ಇನ್ನೊಬ್ಬನಿಗೆ ನಿಮ್ಮ ಶರ್ಟಿನ ಬಣ್ಣದ್ದೇ ಶರ್ಟು ಹಾಕಿಸಿ ನಿಮ್ಮ ಜಾಗದಲ್ಲಿ ನಿಲ್ಲಿಸಿ. ಫ್ರೇಮು, ಫೋಕಸ್ಸು, ಲೈಟು ಎಲ್ಲ ಹೊರಗೆ ನಿಂತು ನೋಡಿ ಮುಗಿಸಿ. ಆಮೇಲೆ ನೀವು ಒಳಗೆ ಹೋಗಿ. ‘ಕಟ್’ ಅನ್ನೋದು ಮಾತ್ರ ಪೇಟಿ ಮಾಸ್ತರ ಜಾಗದಲ್ಲಿ ಕೂತವರ ಕೆಲಸ. ನೀವೇ ಹೇಳೋದಾದ್ರೆ ಕೊನೇ ಮಾತು ಮುಗಿಯೋಕೆ ಅರ್ಧ ಸೆಕೆಂಡ್ ಮೊದಲೇ ಮುಖದಿಂದ ಪಾತ್ರ ಇಳಿದು ಡೈರೆಕ್ಟರ್ ಹತ್ತಿರ್ತಾನೆ. ಮಾತಾದ ಮೇಲೆ 3-4 ಸೆಕೆಂಡು ಕ್ಯಾಮೆರಾ ಓಡದಿದ್ರೆ ಎಡಿಟರ್‌ಗೆ ಕತ್ತರಿಸೋಕೆ ಜಾಗವೇ ಸಿಗಲ್ಲ.

ಇನ್ನೊಂದು ರೋಗ: ಎದುರಿನವರ ಡೈಲಾಗಿಗೆ ತನ್ನ ತುಟಿ ಆಡೋದು. ಎಲ್ಲರ ಮಾತೂ ಬಾಯಿಪಾಠ ಆಗಿರುತ್ತಲ್ಲ! ಸ್ಟೇಜಲ್ಲಿ ಹತ್ತನೇ ಸಾಲಿನವರಿಗೆ ಕಾಣಲ್ಲ, ಕ್ಲೋಸಪ್‌ನಲ್ಲಿ ಎದ್ದು ಕಾಣುತ್ತೆ. ದೊಡ್ಡತನ ತೋರಿಸೋಕೆ ತಮ್ಮ ಕ್ಲೋಸಪ್ ಕೊನೆಗೆ ಇಟ್ಕೊಳ್ಳೋರೂ ಇದ್ದಾರೆ. ಸಂಜೆ ಆರಕ್ಕೆ ಬೆಳಕು ಇಳಿದಾಗ ಒಂದೇ ಟೇಕು, ಅದೂ ಮಬ್ಬು. ವೈಡ್ ಶಾಟ್, ಆಮೇಲೆ ಎದುರಿನವರದು, ಊಟ ಆದ ತಕ್ಷಣ ನಿಮ್ಮದು. ಗಡಿಯಾರ ನೋಡಿ ಕಟ್ಟುನಿಟ್ಟಾಗಿ ಮುಗಿಸಿ.

ದನಿಯಂತೂ ನಾಟಕದವರಿಗೆ ದೊಡ್ಡ ತಲೆನೋವು. ಕಾಲರ್ ಮೈಕ್ ಗದ್ದದಿಂದ ಗೇಣು ಕೆಳಗಿರ್ಲಿ. ಪಾತ್ರ ಅತಿ ಜೋರಾಗಿ ಕೂಗೋ ಸಾಲನ್ನೇ ಹೇಳಿಸಿ ರೆಕಾರ್ಡರಿನ ಶಬ್ದದ ಮೀಟರು ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲೋ ಹಂಗೆ ಇಟ್ಕೊಳ್ಳಿ. ಮೆಲ್ಲಗೆ ಮಾತಾಡಿ ಟೆಸ್ಟ್ ಮಾಡಿ, ಆಮೇಲೆ ಗುಡುಗಿದ್ರೆ ಶಬ್ದ ಒಡೆಯುತ್ತೆ, ಒಡೆದಿದ್ದು ರಿಪೇರಿ ಆಗಲ್ಲ. ಶಂಕರ್‌ನಾಗ್ ಸಿನಿಮಾ ಮಾಡಿ ಸುಮ್ನಿರದೆ ಬೆಂಗಳೂರಲ್ಲಿ ರೆಕಾರ್ಡಿಂಗ್ ಸ್ಟುಡಿಯೋನೇ ಕಟ್ಟಿದ್ದು ಯಾಕಂತ ಇಲ್ಲಿ ಅರ್ಥ ಆಗುತ್ತೆ.

ಅವರು ಎಲ್ಲದಕ್ಕೂ ತಾವೇ ಮುಂದೆ ನಿಲ್ಲಲಿಲ್ಲ ಅನ್ನೋದನ್ನೂ ಗಮನಿಸಿ. 1987ರ ‘ಒಂದು ಮುತ್ತಿನ ಕಥೆ’ಗೆ ನಾಯಕ ಡಾ. ರಾಜ್‌ಕುಮಾರ್. ನೀರೊಳಗಿನ ದೃಶ್ಯಗಳಿರೋ ಸಿನಿಮಾ, ದಡದ ಮೇಲೆ ಡೈರೆಕ್ಟರ್ ಇರಲೇಬೇಕು. ನಿಮ್ಮ ಮೊದಲ ಚಿತ್ರದಲ್ಲಿ ನಟಿಸಲೇಬೇಕು ಅನ್ನೋ ಆಸೆ ಇದ್ರೆ, ಎರಡು ದಿನದಲ್ಲಿ ಮುಗಿಯೋ ಪಾತ್ರ ಇಟ್ಕೊಳ್ಳಿ, ಅದನ್ನ ಶೆಡ್ಯೂಲಿನ ಮಧ್ಯಕ್ಕೆ ಹಾಕಿ. ಮೊದಲ ದಿನ ತಂಡಕ್ಕೆ ನೀವು ಬೇಕು, ಕೊನೇ ದಿನ ಬಿಟ್ಟುಹೋದ ಶಾಟ್‌ಗಳಿಗೆ ಬೇಕು.