ಮೈ ಮುಚ್ಚಿದ ಜಾಹೀರಾತೆಲ್ಲ ಮರ್ಯಾದೆಯದ್ದಲ್ಲ

ಶ್ರಾವಣ ಹತ್ತಿರ ಬಂತು ಅಂದ್ರೆ ಸಾಕು, ಫೋನ್ ತೆಗೆದ ಕಡೆಯೆಲ್ಲ ಸೀರೆ, ಒಡವೆ ಜಾಹೀರಾತುಗಳೇ. ಅದೂ ಈಗೀಗ ಎಲ್ಲಾದ್ರಲ್ಲೂ ಒಂದೇ ನಮೂನೆ. ತೊಟ್ಟಿಮನೆ, ಕೆತ್ತನೆ ಮಾಡಿದ ಮರದ ಕಂಬ, ಪಕ್ಕದಲ್ಲೊಂದು ಹಿತ್ತಾಳೆ ಕೊಡ, ಹಳೇ ಫೋಟೋ ಥರ ಮಾಸಲು ಬಣ್ಣ, ಮಧ್ಯದಲ್ಲಿ ತಲೆ ತುಂಬ ಮಲ್ಲಿಗೆ ಮುಡಿದು ನಮ್ಮ ಕಡೆ ಬೆನ್ನು ಹಾಕಿ ಕೂತ ಹುಡುಗಿ, ಕತ್ತು ತಿರುಗಿಸಿ ನಮ್ಮನ್ನೇ ನೋಡ್ತಿರ್ತಾಳೆ. ಇದಕ್ಕೆ ರೆಟ್ರೋ ಅಂತಾರೆ, ವಿಂಟೇಜ್ ಅಂತಾರೆ. ನೋಡಿದವರು "ಎಷ್ಟು ಲಕ್ಷಣವಾಗಿದೆ, ಅಜ್ಜಿ ಕಾಲದ ಹಂಗಿದೆ" ಅಂತ ಮೆಚ್ಕೋತಾರೆ. ಅದೇ ಜನ ಮಂಡಿ ಕಾಣೋ ಫ್ರಾಕ್ ಹಾಕಿದ ಹುಡುಗಿ ಜಾಹೀರಾತಲ್ಲಿ ಬಂದ್ರೆ "ಕಾಲ ಕೆಟ್ಟೋಯ್ತು" ಅಂತಾರೆ. ನಂಗೆ ಇದು ಒಂದು ಚೂರೂ ಒಪ್ಪಿಗೆ ಆಗಲ್ಲ. ಟೇಪು ಹಿಡ್ಕೊಂಡು ಬಟ್ಟೆ ಅಳೆದು ಜಾಹೀರಾತಿನ ಮರ್ಯಾದೆ ಹೇಳೋದನ್ನ ನಾವು ಬಿಡಬೇಕು. ಆ ಚಿತ್ರದಲ್ಲಿ ಆ ಹೆಂಗಸಿಗೆ ಏನು ಕೆಲಸ ಕೊಟ್ಟಿದಾರೆ, ಯಾರ ಕಣ್ಣಿಗೋಸ್ಕರ ಅವಳನ್ನ ಅಲ್ಲಿ ಕೂರ್ಸಿದಾರೆ, ಅದನ್ನ ನೋಡಬೇಕು.

ನಾನು ಕೆಲವು ವರ್ಷ ಬೆಂಗಳೂರಲ್ಲಿ ಇಂಥ ಶೂಟ್‌ಗಳಿಗೆ ಸೀರೆ ಉಡಿಸೋ ಕೆಲಸ ಮಾಡಿದೀನಿ, ಹಂಗಾಗಿ ಒಳಗೆ ಏನು ನಡೆಯುತ್ತೆ ಅಂತ ಗೊತ್ತು. ಅಂಗಡಿಯವರು ಬಂದ ತಕ್ಷಣ ಹೇಳೋ ಮಾತು "ಮೇಡಂ, ಫುಲ್ ಟ್ರೆಡಿಷನಲ್ ಇರ್ಲಿ, ಫ್ಯಾಮಿಲಿಯವರು ನೋಡೋದು". ಸರಿ ಅಂತ ನಾನು ನಮ್ಮಮ್ಮ ಉಡ್ತಿದ್ದ ಹಾಗೆ ಸೆರಗು ಅಗಲವಾಗಿ ಬಿಟ್ಟು ಉಡಿಸ್ತೀನಿ. ಆಮೇಲೆ ಶುರು. ಮಾನಿಟರ್ ಮುಂದೆ ಕೂತೋರು "ಸೆರಗು ಸ್ವಲ್ಪ ಸಣ್ಣ ಮಾಡಿ" ಅಂತಾರೆ, ಮಾಡ್ತೀನಿ, "ಇನ್ನೂ ಸ್ವಲ್ಪ" ಅಂತಾರೆ, ನಿರಿಗೆ ಇಳಿಸಿ ಅಂತಾರೆ. ಮುಂದಿನಿಂದ ತೆಗೆಯೋ ಶಾಟ್ ಆದ್ರೆ ರವಿಕೆಗೆ ಬೆನ್ನ ಹಿಂದೆ ದೊಡ್ಡ ದೊಡ್ಡ ಕ್ಲಿಪ್ ಹಾಕಿ ಎಳೆದು ಬಿಗಿ ಮಾಡ್ತೀವಿ, ಪಾಪ ಆ ಹುಡುಗಿಗೆ ಉಸಿರು ತಗೊಳ್ಳೋಕೂ ಕಷ್ಟ. ಕೊನೆಗೆ ಏನಾಗುತ್ತೆ ಅಂದ್ರೆ ಸೆರಗಿನ ಜರಿ ಕೆಲಸ, ಮಗ್ಗದ ಮುಂದೆ ದಿನಗಟ್ಟಲೆ ಕೂತು ನೇಯ್ದಿರೋದು, ಪೂರ್ತಿ ಮಡಿಕೆಯೊಳಗೆ ಮುಚ್ಚಿಹೋಗುತ್ತೆ. ಮಾರೋದು ಸೀರೆ, ಕಾಣ್ಸೋದು ಸೊಂಟ. ಒಂದು ಶೂಟಲ್ಲಿ ಮಾಡೆಲ್ ಹುಡುಗಿ ನನ್ನ ಕಿವಿ ಹತ್ರ ಬಂದು "ಅಕ್ಕಾ, ಸೆರಗಿಗೆ ಇನ್ನೊಂದು ಪಿನ್ ಹಾಕ್ತೀರಾ" ಅಂತ ಕೇಳಿದ್ಲು. ಹಾಕಿದೆ. ಐದು ನಿಮಿಷದಲ್ಲಿ ತೆಗೆಸಿದ್ರು. ಆ ಫೋಟೋ ಹಬ್ಬಕ್ಕೆ ಹೊರಗೆ ಬಂದಾಗ ಜನ ಅದನ್ನ ಸಾಕ್ಷಾತ್ ಮಹಾಲಕ್ಷ್ಮಿ ಅಂತ ಹೊಗಳಿದ್ರು. ಆ ಹುಡುಗಿ ಮುಖ ನಾನು ಹತ್ರದಿಂದ ನೋಡಿದ್ದೆ, ಅದಕ್ಕೇ ಇಷ್ಟು ಸಿಟ್ಟು ನಂಗೆ.

ಹಂಗಂತ ಜಾಹೀರಾತಲ್ಲಿ ಸೆಕ್ಸ್ ಅಪೀಲ್ ಇರಲೇಬಾರದು ಅನ್ನೋಳಲ್ಲ ನಾನು. ಚೆಂದ ಕಾಣೋದು, ಚೆಂದ ಕಾಣ್ಬೇಕು ಅನ್ನೋ ಆಸೆ, ಯಾರಾದ್ರೂ ನೋಡ್ಲಿ ಅನ್ನೋದು ಇವೆಲ್ಲ ಮನುಷ್ಯರಿಗೆ ಇರೋದೇ, ಅದರಲ್ಲಿ ಕೊಳಕು ಏನಿದೆ?

ಲಿರಿಲ್ ಸೋಪಿನ ಜಾಹೀರಾತು ತಗೊಳ್ಳಿ. 1975ರಲ್ಲಿ ಬಂದದ್ದು, ಆಗ ಇನ್ನೂ ದೂರದರ್ಶನದಲ್ಲಿ ಜಾಹೀರಾತು ಶುರುವೇ ಆಗಿರ್ಲಿಲ್ಲ, ಜನ ನೋಡಿದ್ದು ಟಾಕೀಸುಗಳಲ್ಲಿ. ಲಿಂಟಾಸ್ ಅನ್ನೋ ಜಾಹೀರಾತು ಕಂಪನಿಯ ಅಲೀಕ್ ಪದಮ್‌ಸೀ ಕಾಲದ ಕೆಲಸ ಅದು. ಕೊಡೈಕೆನಾಲ್ ಹತ್ರದ ಪಾಂಬಾರ್ ಜಲಪಾತದಲ್ಲಿ ಕರೆನ್ ಲುನೆಲ್ ಅನ್ನೋ ಹುಡುಗಿ ಹಸಿರು ಬಿಕಿನಿಯಲ್ಲಿ ನೀರಾಟ ಆಡ್ತಾಳೆ, ನಿಂಬೆಹಣ್ಣಿನ ವಾಸನೆಯ ಸೋಪು, ಅಷ್ಟೇ. ಆ ಜಲಪಾತಕ್ಕೆ ಇವತ್ತಿಗೂ ಲಿರಿಲ್ ಫಾಲ್ಸ್ ಅಂತಾನೇ ಜನ ಕರೀತಾರೆ. ಆ ಕಾಲಕ್ಕೆ ಬಿಕಿನಿ ಅಂದ್ರೆ ಏನು ಸಣ್ಣ ವಿಷಯನಾ? ಆದ್ರೂ ಹೆಂಗಸರೇ ಅದನ್ನ ಇಷ್ಟಪಟ್ರು, ಸೋಪು ತಗೊಂಡ್ರು. ಯಾಕೆ ಅಂತ ಪದಮ್‌ಸೀನೇ ಹೇಳ್ಕೊಂಡಿದಾರೆ, ನಮ್ಮ ದೇಶದ ಗೃಹಿಣಿಗೆ ಇಡೀ ದಿನದಲ್ಲಿ ತನ್ನದು ಅಂತ ಸಿಗೋ ಒಂದೇ ಹೊತ್ತು ಸ್ನಾನದ ಹೊತ್ತು, ಅತ್ತೆ ಇಲ್ಲ, ಗಂಡ ಇಲ್ಲ, ಮಕ್ಕಳ ಗಲಾಟೆ ಇಲ್ಲ, ಆ ಹತ್ತು ನಿಮಿಷದಲ್ಲಿ ಅವಳ ಮನಸ್ಸು ಎಲ್ಲೆಲ್ಲೋ ಹೋಗಿ ಬರುತ್ತೆ ಅಂತ. ಎಷ್ಟು ನಿಜ! ಬಚ್ಚಲುಮನೆ ಬಾಗಿಲು ಚಿಲಕ ಹಾಕ್ಕೊಂಡ ಮೇಲೆ ಸಿಗೋ ನೆಮ್ಮದಿ ಯಾವ ಹೆಂಗಸಿಗೆ ಗೊತ್ತಿಲ್ಲ ಹೇಳಿ. ಲಿರಿಲ್ ಹುಡುಗಿ ನೀರಿನ ಜೊತೆ ಖುಷಿಯಾಗಿದಾಳೆ, ಯಾರನ್ನೂ ಕರೀತಿಲ್ಲ, ಯಾರ ಕಡೆಗೂ ಓರೆಗಣ್ಣು ಹಾಕ್ತಿಲ್ಲ. ಆ ಖುಷಿ ಅವಳದ್ದೇ.

ಇನ್ನೊಂದು ಕಡೆ 2007ರ ಅಮುಲ್ ಮ್ಯಾಚೋ ಚಡ್ಡಿ ಜಾಹೀರಾತು ನೆನಪಿದೆಯಾ? ಅದರಲ್ಲಿ ಹೊಸದಾಗಿ ಮದುವೆಯಾದ ಹೆಂಗಸು ಹಳ್ಳಿಯ ನೀರಿನ ದಂಡೆಗೆ ಗಂಡನ ಚಡ್ಡಿ ಒಗೆಯೋಕೆ ಬರ್ತಾಳೆ. ಸೀರೆ ಉಟ್ಟಿದಾಳೆ, ಒಡವೆ ಹಾಕಿದಾಳೆ, ಸುತ್ತ ಬಟ್ಟೆ ಒಗೀತಿರೋ ಬೇರೆ ಹೆಂಗಸರು, ನೋಡೋಕೆ ಪೂರ್ತಿ ಹಳ್ಳಿಗಾಡಿನ ಸಂಪ್ರದಾಯದ ಚಿತ್ರ. ಆದ್ರೆ ಅವಳು ಆ ಚಡ್ಡಿ ಉಜ್ಜೋ ರೀತಿ, ಮುಖದ ಭಾವ ಎಲ್ಲಾ ಮಲಗೋ ಕೋಣೆದು. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅಸಭ್ಯ ಅಂತ ಹೇಳಿ ಅದನ್ನ ಟಿವಿಯಿಂದ ತೆಗೆಸ್ತು. ನೋಡಿ, ಬಿಕಿನಿ ಹುಡುಗಿ ಮನೆ ಮಾತಾದ್ಲು, ಸೀರೆ ಹೆಂಗಸಿನ ಜಾಹೀರಾತು ಬ್ಯಾನ್ ಆಯ್ತು. ಬಟ್ಟೆ ಲೆಕ್ಕ ಹಾಕೋರು ಇದಕ್ಕೆ ಏನು ಹೇಳ್ತೀರಿ?

ಅದಕ್ಕಿಂತ ಕೆಟ್ಟದ್ದು 2022ರ ಜೂನ್‌ನಲ್ಲಿ ಬಂತು, ಲೇಯರ್ ಶಾಟ್ ಅನ್ನೋ ಬಾಡಿ ಸ್ಪ್ರೇದು. ಅಂಗಡಿಯಲ್ಲಿ ನಾಲ್ಕು ಜನ ಹುಡುಗರು, ಒಬ್ಬಳೇ ಹುಡುಗಿ, "ನಾವು ನಾಲ್ಕು ಜನ, ಇರೋದು ಒಂದೇ, ಶಾಟ್ ಯಾರು ತಗೋತಾರೆ" ಅನ್ನೋ ಅರ್ಥದ ಮಾತು. ಅವರು ಮಾತಾಡ್ತಿರೋದು ಸ್ಪ್ರೇ ಬಾಟಲಿ ಬಗ್ಗೆ ಅಂತ ಆಮೇಲೆ ಗೊತ್ತಾಗುತ್ತೆ. ಆ ಹುಡುಗಿ ಹಾಕಿದ್ದು ನಾವು ನೀವು ದಿನಾ ಹಾಕೋ ಮಾಮೂಲಿ ಬಟ್ಟೆ. ಅವಳ ಮುಖದಲ್ಲಿ ಬರೋ ಭಯ ಇದೆಯಲ್ಲ, ಅದನ್ನ ತಮಾಷೆ ಮಾಡಿ ಮಾರಿದ್ರು. ನಂಗೆ ಹೊಟ್ಟೆ ತೊಳೆಸಿತು. ಸಚಿವಾಲಯ ಯೂಟ್ಯೂಬ್, ಟ್ವಿಟರ್‌ನಿಂದ ತೆಗೀರಿ ಅಂತ ಹೇಳ್ತು, ಕಂಪನಿಯವರು ಕ್ಷಮೆ ಕೇಳಿದ್ರು. ಆದ್ರೆ ಸ್ಕ್ರಿಪ್ಟ್ ಬರೆದು, ಓಕೆ ಮಾಡಿ, ಶೂಟ್ ಮಾಡಿ, ಎಡಿಟ್ ಮಾಡಿ ಹೊರಗೆ ಬಿಡೋವರೆಗೂ ಆ ಕೋಣೆಗಳಲ್ಲಿ ಒಬ್ಬರ ಮಾತೂ ನಡೀಲಿಲ್ಲ ಅನ್ನೋದು ನಂಗೆ ಇವತ್ತಿಗೂ ಅರಗಿಲ್ಲ.

ಇನ್ನು ಹಳೇ ಕಾಲದ ಬಗ್ಗೆ ನಮಗಿರೋ ಭ್ರಮೆ. ಹಿಂದೆ ಎಲ್ಲಾ ಸಭ್ಯವಾಗಿತ್ತು, ಈಗ ಕೆಟ್ಟಿದೆ ಅಂತ. ರಾಜಾ ರವಿವರ್ಮ 1894ರಲ್ಲಿ ಮುಂಬೈನ ಘಾಟ್ಕೋಪರ್‌ನಲ್ಲಿ ಪ್ರೆಸ್ ಹಾಕಿ ಚಿತ್ರಗಳನ್ನ ಅಚ್ಚು ಹಾಕಿಸೋಕೆ ಶುರು ಮಾಡಿದ್ಮೇಲೆ ಮನೆ ಮನೆಗೂ ಹೋದದ್ದು ಲಕ್ಷ್ಮಿ ಸರಸ್ವತಿ ಮಾತ್ರ ಅಲ್ಲ. ಮೇನಕೆ, ಉಯ್ಯಾಲೆ ಮೇಲಿನ ಮೋಹಿನಿ, ತೆಳು ಸೀರೆಯ ಅಪ್ಸರೆಯರೂ ಹೋದ್ರು. ಕಂಪನಿಗಳು ಅಂಥ ಚಿತ್ರಗಳನ್ನ ಕ್ಯಾಲೆಂಡರ್ ಮಾಡಿ ಕೆಳಗೆ ತಮ್ಮ ಹೆಸರು ಹಾಕಿ ಹಂಚಿದ್ವು. ನಮ್ಮ ಮುತ್ತಾತಂದಿರ ಅಂಗಡಿ ಗೋಡೆ ಮೇಲೂ ಸೆಕ್ಸ್ ಅಪೀಲ್ ನೇತಾಡ್ತಿತ್ತು, ಪುರಾಣದ ಹೆಸರಲ್ಲಿ. ಲಕ್ಸ್ ಸೋಪಿನವರು 1941ರಲ್ಲಿ ಮೊದಲ ಸಲ ಭಾರತದ ನಟಿಯೊಬ್ಬರನ್ನ, ಲೀಲಾ ಚಿಟ್ನಿಸ್ ಅವರನ್ನ, ಜಾಹೀರಾತಿಗೆ ತಂದ್ರು. ಒಳ್ಳೆ ಮನೆ ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋಗಬಾರದು ಅಂತಿದ್ದ ಕಾಲ ಅದು, ಆ ಸಮಾಜವೇ ಸಿನಿಮಾ ನಟಿಯ ಮೈಬಣ್ಣ ನೋಡಿ ಸೋಪು ಕೊಂಡ್ಕೊಳ್ತು.

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರೆಲ್ಲ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿರ್ತೀರಿ. ಎಷ್ಟೋ ಜನ ಅದನ್ನ ರವಿವರ್ಮಂದು ಅಂದ್ಕೊಂಡಿರ್ತಾರೆ, ಬರೆದದ್ದು ಎಸ್.ಎಲ್. ಹಲ್ದನ್‌ಕರ್, ನಿಂತದ್ದು ಅವರ ಮಗಳು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ, ಆ ಬೆಳಕು ಬೆರಳ ಸಂದಿಯಿಂದ ಬಂದು ಬೆರಳು ಕೆಂಪಗೆ ಹೊಳೀತಿರುತ್ತೆ. ಚಿತ್ರದಲ್ಲಿ ಅವಳಿಗೆ ಒಂದು ಕೆಲಸ ಇದೆ, ದೀಪ ಆರದ ಹಾಗೆ ನೋಡ್ಕೊಳ್ಳೋದು. ನಮ್ಮ ವಿಂಟೇಜ್ ಒಡವೆ ಜಾಹೀರಾತಿನವರು ಇದನ್ನ ಎಷ್ಟು ಸಲ ಕಾಪಿ ಮಾಡಿದಾರೋ ಲೆಕ್ಕ ಇಲ್ಲ. ದೀಪ ಕೊಡ್ತಾರೆ, ಸೀರೆ ಕೊಡ್ತಾರೆ, ಕಣ್ಣು ಮಾತ್ರ ಕ್ಯಾಮೆರಾಗೆ ತಿರುಗಿಸ್ತಾರೆ. ದೀಪದ ಕೈ ಸೊಟ್ಟಗಿರುತ್ತೆ, ಆ ಹುಡುಗಿಗೆ ದೀಪ ಆರಿದ್ರೂ ಗೊತ್ತಾಗಲ್ಲ.

2021ರ ಅಕ್ಟೋಬರ್ ಕೊನೆಯಲ್ಲಿ ಡಿಸೈನರ್ ಸಬ್ಯಸಾಚಿಯವರ ಮಂಗಳಸೂತ್ರದ ಜಾಹೀರಾತು ಬಂತು. ಒಳ ಉಡುಪಿನಂಥ ಬಟ್ಟೆಯಲ್ಲಿ ಹೆಂಗಸು, ಕತ್ತಲ್ಲಿ ತಾಳಿ, ಪಕ್ಕ ಅಂಗಿ ಇಲ್ಲದ ಗಂಡಸು. ಮಧ್ಯಪ್ರದೇಶದ ಗೃಹಮಂತ್ರಿ 24 ಗಂಟೆ ಗಡುವು ಕೊಟ್ರು, ಪೊಲೀಸ್ ಕಳಿಸ್ತೀನಿ ಅಂದ್ರು, ಜಾಹೀರಾತು ವಾಪಸ್ ಹೋಯ್ತು. ನವೆಂಬರ್ 8ಕ್ಕೆ ರಾಷ್ಟ್ರಪತಿ ಭವನದಲ್ಲಿ ನಮ್ಮ ಅಂಕೋಲಾ ಕಡೆಯ ಹಾಲಕ್ಕಿ ಅಜ್ಜಿ ತುಳಸಿ ಗೌಡರು ಪದ್ಮಶ್ರೀ ತಗೊಂಡ್ರು. ಬರಿಗಾಲು, ರವಿಕೆ ಇಲ್ಲದೆ ತಮ್ಮವರ ಪದ್ಧತಿಯಂತೆ ಉಟ್ಟ ಸೀರೆ, ಕತ್ತು ತುಂಬ ಮಣಿಸರ. ಇಡೀ ದೇಶ ಆ ಫೋಟೋಗೆ ಕೈ ಮುಗೀತು, ನಾನೂ ಕಣ್ಣೀರು ಹಾಕಿದೆ. ಎರಡು ಚಿತ್ರನ ಸಮ ಮಾಡ್ತಿಲ್ಲ ನಾನು, ಅಜ್ಜಿಯ ತೂಕನೇ ಬೇರೆ. ಆದ್ರೆ ಅವತ್ತು ಅಜ್ಜಿಯ ಬರೀ ಭುಜ ಯಾರ ಸಂಸ್ಕೃತಿಗೂ ಅಡ್ಡ ಬರಲಿಲ್ಲವಲ್ಲ, ಯಾಕೆ ಅಂದ್ರೆ ಆ ಚಿತ್ರದಲ್ಲಿ ನಮಗೆ ಕಂಡದ್ದು ಅವರು ಮತ್ತು ಅವರು ಬೆಳೆಸಿದ ಸಾವಿರಾರು ಮರ. ಮಂಗಳಸೂತ್ರದ ಆ ಜಾಹೀರಾತು ನಂಗೆ ಅಷ್ಟೇನೂ ಹಿಡಿಸ್ಲಿಲ್ಲ, ಎಲ್ಲರೂ ಮುಖ ಗಂಟು ಹಾಕ್ಕೊಂಡು ನಿಂತಿದ್ರು. ಆದ್ರೆ ತಾಳಿ ಮಲಗೋವಾಗಲೂ ಕತ್ತಲ್ಲೇ ಇರುತ್ತೆ ಅನ್ನೋದು ಮದುವೆಯಾದೋರಿಗೆಲ್ಲ ಗೊತ್ತಿರೋ ವಿಷಯ, ಅದಕ್ಕೆ ಪೊಲೀಸರನ್ನ ಕಳಿಸೋ ಮಾತು ತಪ್ಪು ಅಂತ ಆಗಲೂ ಹೇಳ್ದೆ, ಈಗಲೂ ಹೇಳ್ತೀನಿ.

ಕಾನೂನು ಇಲ್ವಾ ಅಂದ್ರೆ ಇದೆ. 1986ರಲ್ಲೇ ಮಹಿಳೆಯರ ಅಸಭ್ಯ ಚಿತ್ರಣ ತಡೆ ಕಾಯ್ದೆ ಬಂದಿದೆ. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಒಂದು ಶೂಟ್‌ಗೆ ಬರೋ ಊಟದ ಬಿಲ್ಲೂ ಅದಕ್ಕಿಂತ ಜಾಸ್ತಿ ಇರುತ್ತೆ. ಇನ್ನು ಕೋರ್ಟಿನ ದಾರಿ ಹೇಗಿರುತ್ತೆ ಅಂದ್ರೆ, 1995ರ ಟಫ್ ಶೂಸ್ ಜಾಹೀರಾತು, ಮಾಡೆಲ್‌ಗಳಾದ ಮಿಲಿಂದ್ ಸೋಮನ್ ಮತ್ತು ಮಧು ಸಪ್ರೆ ಬರೀ ಶೂ ಹಾಕ್ಕೊಂಡು ಹೆಬ್ಬಾವು ಸುತ್ಕೊಂಡು ನಿಂತದ್ದು, ಆ ಕೇಸು ಮುಗಿದು ಎಲ್ಲರೂ ಖುಲಾಸೆ ಆಗೋ ಹೊತ್ತಿಗೆ 2009. ಹದಿನಾಲ್ಕು ವರ್ಷ! ಅಂದಹಾಗೆ ಆ ಚಿತ್ರದಲ್ಲಿ ಗಂಡೂ ಹೆಣ್ಣೂ ಸರಿಸಮ ನಿಂತಿದ್ರು, ಇಬ್ಬರ ಮೈಯೂ ಅಷ್ಟೇ ಕಾಣ್ತಿತ್ತು. ಆ ಮಟ್ಟಿಗೆ ಅದರಲ್ಲಿ ಒಂದು ನ್ಯಾಯ ಇತ್ತು ಅಂತ ನನ್ನ ಅಭಿಪ್ರಾಯ.

ಗಂಡಸರ ಬನಿಯನ್ ಜಾಹೀರಾತು ನೋಡಿ ಬೇಕಾದ್ರೆ. ಹೀರೋ ಬನಿಯನ್ ಚಡ್ಡಿಯಲ್ಲೇ ಇದ್ರೂ ಗೂಂಡಾಗಳಿಗೆ ಹೊಡೀತಿರ್ತಾನೆ, ಯಾರನ್ನೋ ಕಾಪಾಡ್ತಿರ್ತಾನೆ. ಮೈ ಪೂರ್ತಿ ಕಂಡ್ರೂ ಅವನಿಗೊಂದು ಕೆಲಸ ಕೊಟ್ಟಿರ್ತಾರೆ, ಅವನ ಮಾನ ಮರ್ಯಾದೆ ಬಗ್ಗೆ ಯಾರೂ ಚರ್ಚೆ ಮಾಡಲ್ಲ. ಹೆಂಗಸು ಒಂಬತ್ತು ಗಜ ಸೀರೆ ಉಟ್ಟು ಕೂತ್ರೂ ಅವಳ ಕೆಲಸ ನೋಡಿಸ್ಕೊಳ್ಳೋದು.

ನಮ್ಮ ಮೈಸೂರ್ ಸ್ಯಾಂಡಲ್ ಸೋಪೇ ಇದೆಯಲ್ಲ. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧ ಯುರೋಪಿಗೆ ಕಳಿಸೋಕಾಗದೆ 1916ರಲ್ಲಿ ಮೈಸೂರು ಸಂಸ್ಥಾನದಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಗಿ ಆಮೇಲೆ ಹುಟ್ಟಿದ ಸೋಪು. ಮೊಟ್ಟೆಯಾಕಾರ, ಒಡವೆ ಪೆಟ್ಟಿಗೆ ಥರದ ಡಬ್ಬಿ, ಮೇಲೆ ಆನೆ ಸೊಂಡಿಲಿನ ಶರಭ. ವಿಂಟೇಜ್ ಅಂದ್ರೆ ಇದು, ಯಾವ ಫಿಲ್ಟರೂ ಬೇಡ. 2025ರಲ್ಲಿ ತಮನ್ನಾ ಅವರನ್ನ 6.20 ಕೋಟಿಗೆ ರಾಯಭಾರಿ ಮಾಡಿದಾಗ ಕನ್ನಡದ ನಟಿಯರು ಇರ್ಲಿಲ್ವಾ ಅಂತ ದೊಡ್ಡ ಗಲಾಟೆ ಆಯ್ತು, ಆ ಪ್ರಶ್ನೆ ನ್ಯಾಯವಾದದ್ದೇ. ಆದ್ರೆ ಜಾಹೀರಾತಲ್ಲಿ ಆಕೆ ಏನು ಮಾಡ್ತಾರೆ, ಗಂಧದ ಪರಿಮಳಕ್ಕೂ ಆಕೆಗೂ ಏನು ಸಂಬಂಧ ಕಟ್ತೀರಿ ಅಂತ ಮಾತ್ರ ನಾವು ಯಾರೂ ಗಟ್ಟಿಯಾಗಿ ಕೇಳ್ಲಿಲ್ಲ.

ಗೌರಿ ಹಬ್ಬಕ್ಕೆ, ದಸರಾಕ್ಕೆ ಶೂಟ್ ಪ್ಲಾನ್ ಮಾಡ್ತಿರೋ ಅಂಗಡಿಯವರು ನನ್ನ ಫ್ರೆಂಡ್ಸ್ ಲಿಸ್ಟಲ್ಲಿ ಒಂದಷ್ಟು ಜನ ಇದೀರಿ, ನಿಮಗೇ ಕೇಳ್ಕೊಳ್ತಿರೋದು. ನಿಮ್ಮ ಅಂಗಡಿಗೆ ಬರೋ ಹೆಂಗಸರನ್ನ ಒಂದು ಗಂಟೆ ಕೂತು ನೋಡಿ. ಸೆರಗು ಬಿಚ್ಚಿ ಬೆಳಕಿಗೆ ಹಿಡೀತಾರೆ, ಜರಿನ ಉಗುರಲ್ಲಿ ಕೆರೆದು ನೋಡ್ತಾರೆ, ಭುಜದ ಮೇಲೆ ಹಾಕ್ಕೊಂಡು ಕನ್ನಡಿ ಮುಂದೆ ಅರ್ಧ ತಿರುಗಿ ತಮ್ಮಷ್ಟಕ್ಕೆ ತಾವೇ ನಗ್ತಾರೆ, ಅಕ್ಕತಂಗಿ ಜೊತೆ ಕಿತ್ತಾಡ್ತಾರೆ, ರೇಟಿಗೆ ಜಗಳ ಆಡ್ತಾರೆ. ಅದನ್ನ ತೆಗೀರಿ. ಬೆನ್ನು ಕಂಡ್ರೂ ಕಾಣ್ಲಿ, ತೋಳು ಕಂಡ್ರೂ ಕಾಣ್ಲಿ, ನನ್ನ ತಕರಾರಿಲ್ಲ. ಶೂಟ್ ದಿನ ಮಾತ್ರ ಮಾಡೆಲ್ ಹುಡುಗಿಗೆ ಸೆರಗು ಹೇಗಿರಬೇಕು ಅಂತ ಮೊದಲೇ ಕೇಳಿ, ಅವಳು ಹೂಂ ಅಂದಮೇಲೆ ಕ್ಯಾಮೆರಾ ಆನ್ ಮಾಡಿ.