ಲಂಡನ್‌ನಿಂದ ನ್ಯೂಯಾರ್ಕ್‌ಗೆ 3 ಗಂಟೆ ಅಲ್ಲ: ಸ್ಪಷ್ಟನೆ

ಲಂಡನ್‌ನ ಹೀಥ್ರೂ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ಈಗ ಬರೀ 3 ಗಂಟೆ ಅಂತ ಒಂದು ಮೆಸೇಜ್ ಓಡಾಡುತ್ತಿದೆ. ನಾನೂ ನಂಬಿ ಇಬ್ಬರಿಗೆ ಕಳಿಸಿದ್ದೆ. ಅದು ತಪ್ಪು.

ಆ ಮೆಸೇಜ್‌ನಲ್ಲಿರುವ, ಬೆಳಿಗ್ಗೆ 11ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ಇಳಿಯುವ ಟಿಕೆಟ್‌ನ ಫೋಟೋ ಸುಳ್ಳೇನಲ್ಲ. ಆದರೆ ಅವೆರಡೂ ಆಯಾ ಊರಿನ ಗಡಿಯಾರದ ಸಮಯ. ನ್ಯೂಯಾರ್ಕ್ ಸಾಮಾನ್ಯವಾಗಿ ಲಂಡನ್‌ಗಿಂತ 5 ಗಂಟೆ ಹಿಂದೆ. ಅದನ್ನು ಸೇರಿಸಿ, 8 ಗಂಟೆ ಆಯ್ತಲ್ವಾ? ದೂರ ಸುಮಾರು 5,540 ಕಿಲೋಮೀಟರ್. ಅದನ್ನು ಮೂರೂವರೆ ಗಂಟೆಯಲ್ಲಿ ದಾಟುತ್ತಿದ್ದ ಕಾಂಕಾರ್ಡ್ ವಿಮಾನ 2003ರಲ್ಲೇ ಹಾರಾಟ ನಿಲ್ಲಿಸಿತು.

ವಾಪಸ್ ಬರುವಾಗ ಸುಮಾರು ಒಂದು ಗಂಟೆ ಕಡಿಮೆ ಸಾಕು. ಅದು ಭೂಮಿ ತಿರುಗುವುದರಿಂದಲ್ಲ. ಪಶ್ಚಿಮದಿಂದ ಬೀಸುವ ಜೆಟ್ ಸ್ಟ್ರೀಮ್ ಗಾಳಿ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಸುಮ್ನೆ ಡಿಲೀಟ್ ಮಾಡಿ.