ಅಡಿಕೆ ಹಾಳೆಯ ಅಡಿಯಲ್ಲಿದ್ದ ಪ್ಯಾಕೆಟ್‌ಗಳು

ಮಾವನ ಹತ್ರ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕದ ಹತ್ತಿರ ಇರುವ ಅವರ ಮನೆಗೆ ಹೋಗಿದ್ದೆ. ಕೊಟ್ಟಗೆಯಲ್ಲಿ ಅಡಿಕೆ ಹಾಳೆಯ ಅಟ್ಟಿ ಸರಿಸಿದರೆ ಅಡಿಯಲ್ಲಿ ಮದ್ಯದ ಖಾಲಿ ಟೆಟ್ರಾ ಪ್ಯಾಕೆಟ್‌ಗಳು. ಎಲ್ಲವೂ ಕರ್ನಾಟಕದ್ದು, 180 ಎಂಎಲ್. ಮೂಲೆ ಕತ್ತರಿಸಿ, ಚಪ್ಪಟೆ ಮಾಡಿ ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಹಿಂದೆಯೇ ಬಂದ ಅತ್ತೆ, "ಯಾರ ಹತ್ರವೂ ಹೇಳಬೇಡ ಮಾರಾಯ, ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ" ಅಂದರು. ನಾನೂ ಬಾಯಿ ಮುಚ್ಚಿಕೊಂಡೆ.

ಆಮೇಲೆ ನಾವೇ ನಾಲ್ಕು ಜನ ಸೇರಿ ಕುಡಿತ ಬಿಡಿಸಲು ಹೊರಟೆವು. ದೀಪದ ಮುಂದೆ ಆಣೆ ಮಾಡಿಸಿ, ಅವರನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಮೊದಲ ದಿನ ಕೈ ನಡುಗಿ ಚಹಾ ಎಲ್ಲ ಚೆಲ್ಲಿತು. ಎರಡನೇ ರಾತ್ರಿ ಫಿಟ್ಸ್ ಬಂತು. ಕೈಗೆ ಬೀಗದ ಕೀ ಹಿಡಿಸಿದೆವು! ಮೂರನೇ ದಿನ ಗೋಡೆಯಲ್ಲಿ ಇರುವೆ ಹರಿಯುತ್ತಿದೆ ಎಂದು ಒರೆಸುತ್ತಲೇ ಇದ್ದರು. ಒಂದು ಇರುವೆಯೂ ಇರಲಿಲ್ಲ. ಜೋಯಿಸರ ಹತ್ರ ಪ್ರಶ್ನೆ ಇಡಿಸೋಣ ಎಂದರು ದೊಡ್ಡವರು. ಆಗ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಡಾಕ್ಟರು ಹೇಳಿದ್ದು ಇಷ್ಟು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಭ್ರಮೆ, ಜ್ವರ. ಜೀವವೇ ಹೋಗಬಹುದು. ಆಸ್ಪತ್ರೆಯಲ್ಲಾದರೆ ಮದ್ದು ಕೊಟ್ಟು, ಬಿ1 ವಿಟಮಿನ್ ಕೊಟ್ಟು ಆ ದಿನಗಳನ್ನು ದಾಟಿಸುತ್ತಾರೆ.

ಇನ್ನೊಂದು, ಕುಡಿತ ಬಿಡಿಸಲು ಗುಟ್ಟಾಗಿ ಸಾರಿಗೆ ಬೆರೆಸುವ ಮದ್ದು. ದಯವಿಟ್ಟು ಬೇಡ. ಡೈಸಲ್ಫಿರಾಮ್ ಎಂಬ ಅಂಥ ಮದ್ದು ಹೊಟ್ಟೆಯಲ್ಲಿರುವಾಗ ಕುಡಿದರೆ ಬಿಪಿ ಇಳಿದು ಮನುಷ್ಯ ಅಲ್ಲೇ ಕುಸಿಯಬಹುದು. ಅದನ್ನು ಅವರಿಗೆ ತಿಳಿಸಿ, ಅವರು ಒಪ್ಪಿದ ಮೇಲೆಯೇ ಕೊಡಬೇಕು.

ಸಾರಾಯಿಯನ್ನು ಕೇರಳ 1996ರಲ್ಲಿ ನಿಲ್ಲಿಸಿತು, ಕರ್ನಾಟಕ 2007ರಲ್ಲಿ. ಆದರೆ ಗಡಿಯಾಚೆಯ ಬೇರೆ ಮದ್ಯದ ಪ್ಯಾಕೆಟ್ ನಮ್ಮ ತೋಟಕ್ಕೆ ಬರುವುದು ನಿಂತಿಲ್ಲ. ಗಡಿಯ ತಲಪಾಡಿಯಲ್ಲಿ ತಪಾಸಣೆ ಇದೆ ಸರಿ, ಒಳದಾರಿ ಎಷ್ಟಿಲ್ಲ ನಮ್ಮಲ್ಲಿ?

ಈಗ ಹುಡುಗರ ಕೈಗೆ ಎಂಡಿಎಂಎ ಎಂಬ ಮಾದಕ ವಸ್ತು ಬಂದಿದೆ. ಅದನ್ನು ನೆನೆದರೆ ನನಗೆ ನಿಜಕ್ಕೂ ಹೆದರಿಕೆ. ಬಾಯಿಯ ವಾಸನೆ ಇಲ್ಲ, ತೂರಾಡುವುದಿಲ್ಲ. ನಿದ್ದೆಗೆಟ್ಟ ಕಣ್ಣು, ಊಟ ಬೇಡ ಎನ್ನುವುದು, ಸುಮ್ನೆ ಸಿಟ್ಟು. ಪರೀಕ್ಷೆಯ ಟೆನ್ಶನ್ ಅಂತ ತಾಯಂದಿರು ಸಮಾಧಾನ ಮಾಡಿಕೊಳ್ಳುತ್ತಾರೆ. ಗೊತ್ತಾದರೂ ಪೊಲೀಸರ ಹೆದರಿಕೆಗೆ ಮುಚ್ಚಿಡುತ್ತಾರೆ. 10 ಗ್ರಾಂಗಿಂತ ಜಾಸ್ತಿ ಸಿಕ್ಕರೆ 10 ವರ್ಷಕ್ಕೆ ಕಡಿಮೆ ಇಲ್ಲದ ಜೈಲು, ಅದು ನಿಜ. ಆದರೆ ಮಾದಕ ವಸ್ತುಗಳಿಗೆಂದೇ ಇರುವ ಅದೇ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಚಟಕ್ಕೆ ಬಿದ್ದವನು ತಾನಾಗಿಯೇ ಸರಕಾರಿ ಅಥವಾ ಸರಕಾರ ಒಪ್ಪಿದ ಕಡೆ ಚಿಕಿತ್ಸೆಗೆ ಸೇರಿ ಪೂರ್ತಿ ಮಾಡಿದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಉಂಟು. ಇದನ್ನು ಎಷ್ಟು ಮನೆಗಳಿಗೆ ಯಾರು ಹೇಳಿದ್ದಾರೆ?

ಚಟ ಬಿಡಿಸಲು ಕೇರಳ ಸರಕಾರ ನಡೆಸುವ ವಿಮುಕ್ತಿಯ ಸಹಾಯವಾಣಿ ನಂಬರ್ 14405. ದೇಶಕ್ಕೆಲ್ಲ ಇರುವುದು 14446. ಎರಡೂ ಉಚಿತ.

ಮಾವ ಈಗ ತಿಂಗಳಿಗೊಮ್ಮೆ ಮದ್ದಿಗೆ ಹೋಗುತ್ತಾರೆ. ನಡುವೆ ಒಮ್ಮೆ, ಒಂದು ಮದುವೆಯ ರಾತ್ರಿ, ಮತ್ತೆ ಕುಡಿದರು. ಮರುದಿನ ಬೆಳಗ್ಗೆ ಆರಕ್ಕೇ ಅತ್ತೆಯ ಫೋನ್. "ನಿನ್ನೆ ಕುಡಿದಿದ್ದಾರೆ, ಡಾಕ್ಟರ ಹತ್ರ ಹೋಗ್ಬೇಕು, ಕಾರು ತಾ" ಅಂದರು. ದನಿ ತಗ್ಗಿಸಲೂ ಇಲ್ಲ.